ವೆಲ್ತಜ್ಜಿಯ ಮೀನಿನ ತೋಳು

"ನಿನ್ನ ಮೀನು ಯಾರದ್ದೋ ಸ್ವೆಟರ್ ಹಾಕ್ಕೊಂಡಿದೆ ಕಣೇ," ಎಂದ ರೆನಾರ್ಸ್.

ದಾರ್ತ ತಲೆ ಎತ್ತಲಿಲ್ಲ. ಶಾಲೆಯ ಕಾರಿಡಾರಿನಲ್ಲಿ ಮಂಡಿಯೂರಿ ಕೂತು, ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಮೀನಿಗೆ ಬಾಲ ಬರೆಯುತ್ತಿದ್ದಳು. ಒಂದು ಕೈಯಲ್ಲಿ ಹಸಿರು ಬಣ್ಣದ ಬ್ರಷ್. ಇನ್ನೊಂದು ಕೈಯಲ್ಲಿ ಕಚ್ಚಿದ ಸೇಬು.

"ನಿಜವಾಗ್ಲೂ. ಬೆನ್ನ ಮೇಲೆ ಚುಕ್ಕಿ ಚುಕ್ಕಿ ಡಿಸೈನು. ತೋಳಿನ ಮೇಲೆ ಬಲೆ ಬಲೆ ಡಿಸೈನು. ಬೇಕಾದ್ರೆ ಕಪಾಟಲ್ಲಿ ನೋಡು."

"ಬಲೆ ಇರೋದು ನಿನ್ನ ಕಣ್ಣಲ್ಲಿ."

"ನಂಗೆ ಕಂಡಿದ್ದು ಹೇಳ್ದೆ."

"ನಮ್ಮಜ್ಜಿಗಿಂತ ನಿಂಗೆ ಜಾಸ್ತಿ ಗೊತ್ತಾ?"

"ನಂಗೇನೂ ಗೊತ್ತಿಲ್ಲ. ಕಣ್ಣಿದೆ ಅಷ್ಟೆ."

ದಾರ್ತ ಎದ್ದು ನಿಂತಳು. ಬ್ರಷ್ಷನ್ನು ಅವನ ಬಿಳಿ ಅಂಗಿಯ ತೋಳಿನ ಮೇಲೆ ಮೊಣಕೈಯಿಂದ ಮುಂಗೈವರೆಗೆ ನಿಧಾನವಾಗಿ ಎಳೆದಳು. "ಈಗ ನಿಂಗೂ ಡಿಸೈನು," ಎಂದಳು.

ರೆನಾರ್ಸ್ ತೋಳು ನೋಡಿಕೊಂಡ. "ನಮ್ಮಮ್ಮ ನನ್ನ ಸಾಯಿಸ್ತಾಳೆ," ಎಂದು ಹೇಳಿ ನಲ್ಲಿಯ ಕಡೆ ಓಡಿದ.

ಅವರಿಬ್ಬರ ಜಗಳಕ್ಕೆ ಕಾರಣವಾದ ಮೀನು, ಕೋಟು ನೇತುಹಾಕುವ ಗೂಟಗಳ ಪಕ್ಕದಲ್ಲಿದ್ದ ಗಾಜಿನ ಕಪಾಟಿನೊಳಗೆ ತಣ್ಣಗೆ ಮಲಗಿತ್ತು. ಮೀನು ಅಂದರೆ ಇಡೀ ಮೀನಲ್ಲ. ಹತ್ತಿಯ ಹಾಸಿಗೆಯ ಮೇಲೆ ಕಂದು ಬಣ್ಣದ ಒಂದು ಬೆನ್ನಿನ ಚಿಪ್ಪು, ಅದರಲ್ಲೂ ಎಡಗಡೆ ಅರ್ಧ ಇಲ್ಲ. ಅದರ ಬಲಕ್ಕೆ ಏಡಿಯ ಕಾಲಿನಂಥ, ಗಟ್ಟಿ ಚಿಪ್ಪಿನ ಒಂದು ತೋಳು. ಅದಕ್ಕೂ ತುದಿ ಮುರಿದಿತ್ತು. ಹಿಂದೆ ಗೋಡೆಗೆ ದಾರ್ತಳ ಅಜ್ಜಿ ವೆಲ್ತ ಬರೆದ ಚಿತ್ರ. ಸಿಕ್ಕಿದ ಭಾಗಗಳನ್ನು ಗೆರೆಯಲ್ಲಿ ಬರೆದಿದ್ದಳು, ಸಿಗದ ಭಾಗಗಳನ್ನು ಚುಕ್ಕಿ ಹಾಕಿ ತೋರಿಸಿದ್ದಳು. ಕೆಳಗೆ ಟೈಪ್ ಮಾಡಿದ ಚೀಟಿ: "ಕವಚದ ಮೀನು. ಮೂವತ್ತೆಂಟು ಕೋಟಿ ವರ್ಷ ಹಿಂದಿನದು. ಮಾಲ್ಕಾಲ್ನೆ ಇಟ್ಟಿಗೆ ಕಾರ್ಖಾನೆಯ ಜೇಡಿ ಗುಂಡಿಯಲ್ಲಿ ಸಿಕ್ಕಿದ್ದು."

ಮಾಲ್ಕಾಲ್ನೆ ಊರಿನ ಮಕ್ಕಳೆಲ್ಲ ಅದನ್ನು ವೆಲ್ತಜ್ಜಿಯ ಮೀನು ಎಂದೇ ಕರೆಯುತ್ತಿದ್ದರು. ಲೆಕ್ಕದ ಟೆಸ್ಟ್ ಇರುವ ದಿನ ಎಲ್ಲರೂ ಗಾಜನ್ನು ಒಮ್ಮೆ ಮುಟ್ಟಿ ಹೋಗುತ್ತಿದ್ದರು. ದಾರ್ತಳ ಅಮ್ಮನೂ ಚಿಕ್ಕವಳಿದ್ದಾಗ ಮುಟ್ಟಿದ್ದಳಂತೆ, ಆದರೂ ಫೇಲಾಗಿದ್ದಳಂತೆ.

ಈಗ ಆ ಮೀನಿಗೆ ದೊಡ್ಡ ದಿನ ಬಂದಿತ್ತು. ಮುಂದಿನ ಮಂಗಳವಾರ ರಾಜಧಾನಿ ರೀಗಾದ ಮ್ಯೂಸಿಯಮ್ಮಿನಿಂದ ಒಬ್ಬ ಮೇಡಂ ಬರುವವರಿದ್ದರು. ಊರೂರಿನ ಶಾಲೆಗಳಲ್ಲಿರುವ ಪಳೆಯುಳಿಕೆಗಳನ್ನು ನೋಡಿ ಪಟ್ಟಿ ಮಾಡುವುದು ಅವರ ಕೆಲಸ ಎಂದು ಗುಂದೆಗ ಟೀಚರ್ ಹೇಳಿದ್ದರು. ಸ್ವಾಗತಕ್ಕೆ ಪೋಸ್ಟರ್ ಬರೆಯುವ ಕೆಲಸ ದಾರ್ತಳಿಗೆ ಬಿದ್ದಿತ್ತು.

ಎಲ್ಲರೂ ಊಟಕ್ಕೆ ಹೋದ ಮೇಲೆ ದಾರ್ತ ಸೈನ್ಸ್ ರೂಮಿನಿಂದ ಭೂತಗನ್ನಡಿ ತಂದಳು. ರೆನಾರ್ಸ್ ಹೇಳಿದ್ದು ಸುಳ್ಳು ಎಂದು ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ಸಾಕಿತ್ತು. ಕಪಾಟಿನ ಬೀಗದಕೈ ಅವಳ ಬಳಿಯೇ ಇತ್ತು. ಪ್ರತಿ ಶುಕ್ರವಾರ ಧೂಳು ಒರೆಸುವುದು ಅಜ್ಜಿ ಅವಳಿಗೆ ವಹಿಸಿದ ಕೆಲಸ.

ಬೆನ್ನಿನ ಚಿಪ್ಪಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಗುಬುಟುಗಳು. ಪ್ರತಿಯೊಂದರ ಬುಡದಿಂದ ಸುತ್ತಲೂ ಪುಟ್ಟ ಪುಟ್ಟ ಗೆರೆಗಳು ಹೊರಟಿದ್ದವು. ಚಿಪ್ಪಿನ ತುಂಬ ನಕ್ಷತ್ರ ಉದುರಿದಂತೆ.

ಭೂತಗನ್ನಡಿಯನ್ನು ತೋಳಿನ ಕಡೆ ಸರಿಸಿದಳು. ಅಲ್ಲಿ ಒಂದು ನಕ್ಷತ್ರವೂ ಇರಲಿಲ್ಲ. ಸಣ್ಣ ಸಣ್ಣ ಗುಳಿಗಳು, ಗುಳಿಗಳ ನಡುವೆ ಉಬ್ಬಿದ ಗೆರೆಗಳು. ಮೀನಿನ ಬಲೆಯಂತೆ.

ಅವಳ ಕಿವಿ ಬಿಸಿಯಾಯಿತು. ಲೈಬ್ರರಿಗೆ ಹೋಗಿ ಕಂಪ್ಯೂಟರಿನಲ್ಲಿ ಹುಡುಕಿದಳು. ಚಿತ್ರಗಳು ಬೇಗನೇ ಸಿಕ್ಕವು. ನಕ್ಷತ್ರದ ಕವಚದ್ದು ಒಂದು ಮೀನು. ಬಲೆಯ ಕವಚದ್ದು ಇನ್ನೊಂದು ಮೀನು. ಎರಡಕ್ಕೂ ಡಬ್ಬಿಯಂಥ ಮೈ, ಎರಡಕ್ಕೂ ಏಡಿಯಂಥ ತೋಳು. ನೋಡಲು ಅಕ್ಕತಂಗಿಯರಂತೆ ಇದ್ದರೂ ಬೇರೆ ಬೇರೆ.

ಅಜ್ಜಿ ಒಂದು ಮೀನಿಗೆ ಇನ್ನೊಂದರ ತೋಳು ಜೋಡಿಸಿದ್ದಳು.

ಸಂಜೆ ಮನೆಗೆ ಹೋದಾಗ ಅಜ್ಜಿ ಅಡುಗೆಮನೆಯ ಮೇಜಿನ ಮೇಲೆ ಬ್ಲೌಸು ಇಸ್ತ್ರಿ ಮಾಡುತ್ತಿದ್ದಳು. ಮದುವೆಗೆ, ಮಣ್ಣಿಗೆ ಮಾತ್ರ ಹೊರಗೆ ಬರುವ ಕಸೂತಿಯ ಬ್ಲೌಸು ಅದು. ಕಿಟಕಿಯ ಬಳಿ ಬರ್ಚ್ ಮರದ ರಸ ತುಂಬಿದ ಜಾಡಿಗಳು ಸಾಲಾಗಿ ನಿಂತಿದ್ದವು.

"ಬಂದ್ಯಾ ಪುಟ್ಟಿ? ಕೈ ತೊಳ್ಕೊ. ಮೂಲೆಮನೆ ಅನಿತ ಸೋಮವಾರ ನನ್ನ ಕೂದಲು ಸುರುಳಿ ಮಾಡಿಕೊಡ್ತಾಳಂತೆ. ಚೆನ್ನಾಗಿರುತ್ತಾ?"

"ಚೆನ್ನಾಗಿರುತ್ತೆ ಅಜ್ಜಿ."

"ನಲವತ್ತೊಂದು ವರ್ಷ ಆಯ್ತು ಕಣೇ, ನಾನು ಆ ಕಪಾಟು ತುಂಬಿಸಿ. ಇಷ್ಟು ದಿನಕ್ಕೆ ತಿಳಿದೋರು ಒಬ್ರು ನೋಡೋಕೆ ಬರ್ತಿದ್ದಾರೆ. ಮಾಂಸ ತುಂಬಿ ಪೀರಾಗ್ ಬನ್ನು ಮಾಡೋಣ ಅಂತಿದ್ದೀನಿ. ರೀಗಾದೋರು ಹಂದಿಮಾಂಸ ತಿಂತಾರೋ ಇಲ್ವೋ. ಕ್ಯಾಬೇಜಿಂದೂ ಸ್ವಲ್ಪ ಮಾಡಿಟ್ಟಿರ್ತೀನಿ."

ದಾರ್ತ ಬಾಯಿ ತೆರೆದಳು. ಅಜ್ಜಿ ಇಸ್ತ್ರಿಪೆಟ್ಟಿಗೆ ಎತ್ತಿ, ಕಾಲರಿನ ಮೇಲೆ ಬೆರಳಿನಿಂದ ನೀರು ಚಿಮುಕಿಸುತ್ತ ಸಣ್ಣಗೆ ಹಾಡು ಗುನುಗುತ್ತಿದ್ದಳು. ದಾರ್ತ ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ಅವಳಿಗೆ ಅದೇ ಯೋಚನೆ. ರೀಗಾದ ಮೇಡಂ ಕಪಾಟಿನ ಮುಂದೆ ನಿಲ್ಲುತ್ತಾರೆ. ತಪ್ಪು ಎನ್ನುತ್ತಾರೆ. ಕಸೂತಿ ಬ್ಲೌಸು ತೊಟ್ಟ ಅಜ್ಜಿ ಕೇಳಿಸಿಕೊಳ್ಳುತ್ತಾಳೆ. ಇಡೀ ಶಾಲೆ ನೋಡುತ್ತದೆ. ಆಗ ಅಜ್ಜಿಯ ಮುಖ ಹೇಗಾಗುತ್ತದೆ ಎಂಬುದನ್ನು ದಾರ್ತ ಹಲ್ಲುಜ್ಜುವಾಗಲೂ ನೋಡಿದಳು, ಬಸ್ಸಿನಲ್ಲಿಯೂ ನೋಡಿದಳು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅವಳಿಗೊಂದು ಉಪಾಯ ಹೊಳೆಯಿತು. ತೋಳೇ ಇಲ್ಲದಿದ್ದರೆ ತಪ್ಪೂ ಇಲ್ಲ. ತೋಳಿಲ್ಲದ ಮೀನು ಅರ್ಧ ಮೀನು ಅಷ್ಟೆ. ಅರ್ಧ ಮೀನನ್ನು ನೋಡಿ ಯಾರೂ ನಗುವುದಿಲ್ಲ. ಗೋಡೆಯ ಚಿತ್ರದಲ್ಲಿ ತೋಳಿದ್ದರೂ ಅದರ ಮೇಲೆ ಡಿಸೈನಿಲ್ಲ.

ಅವಳು ಬೀಗ ತೆಗೆದಳು. ತೋಳನ್ನು ಕಾಲುಚೀಲದೊಳಗೆ ಇಳಿಸಿ, ಸುತ್ತಿ, ಶೂ ಚೀಲದ ತಳಕ್ಕೆ ತಳ್ಳಿದಳು. ಹತ್ತಿಯನ್ನು ಸ್ವಲ್ಪ ಉಬ್ಬಿಸಿ ಗುರುತು ಮುಚ್ಚಿದಳು. ಪೋಸ್ಟರಿನಲ್ಲಿದ್ದ ತೋಳಿನ ಮೇಲೆ ನೀಲಿ ಬಣ್ಣ ಬಳಿದು ನೀರು ಮಾಡಿದಳು.

"ತೋಳೆಲ್ಲಿ?" ಬೆನ್ನ ಹಿಂದೆ ರೆನಾರ್ಸ್ ನಿಂತಿದ್ದ.

"ಇರ್ಲಿಲ್ಲ."

ಅವನು ಪೋಸ್ಟರ್ ನೋಡಿದ. ಕಪಾಟು ನೋಡಿದ. ಅವಳ ಶೂ ಚೀಲವನ್ನೂ ನೋಡಿದ. ಅಂಗಿಯ ತೋಳಿನ ಮೇಲೆ ಹಸಿರು ಬಣ್ಣ ಇನ್ನೂ ಮಾಸಲಾಗಿ ಕಾಣುತ್ತಿತ್ತು.

"ಹಂಗಾದ್ರೆ ಇರ್ಲಿಲ್ಲ," ಎಂದು ಹೇಳಿ ಹೋಗಿಬಿಟ್ಟ.

ಸ್ಕೂಲು ಬಿಟ್ಟ ಮೇಲೆ ಅಜ್ಜಿ ಬಂದಳು. ಕೂದಲು ಸುರುಳಿ ಸುರುಳಿಯಾಗಿತ್ತು. ಅದು ಹಾಳಾಗದಂತೆ ತೆಳ್ಳನೆಯ ಸ್ಕಾರ್ಫ್ ಸುತ್ತಿಕೊಂಡಿದ್ದಳು. ಕೈಯಲ್ಲಿ ವಿನೆಗರ್ ಬಾಟಲಿ, ಹಳೇ ನ್ಯೂಸ್‌ಪೇಪರು. ಗಾಜು ಉಜ್ಜಲು.

ಎರಡು ಸಲ ಉಜ್ಜಿದವಳು ಮೂರನೇ ಸಲಕ್ಕೆ ನಿಂತಳು.

"ದಾರ್ತ. ತೋಳು ಎಲ್ಲಿ?"

ದಾರ್ತ ಗೂಟದಿಂದ ಕೋಟು ತೆಗೆಯುತ್ತಿದ್ದಳು.

"ಬೀಗ ಹಾಕೇ ಇದೆ," ಎಂದಳು ಅಜ್ಜಿ ತನಗೆ ತಾನೇ. "ಧೂಳು ಒರೆಸೋಕೆ ತೆಗೆದಿದ್ದಾಗ ಯಾರೋ ಮಗು ಎತ್ಕೊಂಡು ಬೀಳಿಸಿರಬೇಕು. ಭಯ ಬಿದ್ದಿರುತ್ತೆ, ಪಾಪ." ವಿನೆಗರ್ ಬಾಟಲಿಯನ್ನು ಕಿಟಕಿಯ ಮೇಲಿಟ್ಟಳು. ಗೋಡೆ ಹಿಡಿದುಕೊಂಡು ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿದಳು. ಎಪ್ಪತ್ತಮೂರು ವರ್ಷದ ಅಜ್ಜಿ ನೆಲದ ಮೇಲೆ ಕೈಯೂರಿ ಬೆಂಚಿನ ಕೆಳಗೆ ಹುಡುಕತೊಡಗಿದಳು. ಸ್ಕಾರ್ಫ್ ಜಾರಿತು. ಬೆಂಚಿನ ಅಂಚಿಗೆ ತಾಗಿ ಒಂದು ಸುರುಳಿ ಚಪ್ಪಟೆಯಾಯಿತು.

"ಅಜ್ಜಿ, ಏಳು," ಎಂದಳು ದಾರ್ತ. "ಏಳು ಅಜ್ಜಿ. ನನ್ನ ಹತ್ರ ಇದೆ."

ಇಬ್ಬರೂ ಬೆಂಚಿನ ಮೇಲೆ ಕೂತರು. ದಾರ್ತ ಕಾಲುಚೀಲದಿಂದ ತೋಳು ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು. ಎಲ್ಲವನ್ನೂ ಹೇಳಿದಳು. ಸ್ವೆಟರ್, ಹಸಿರು ಬಣ್ಣ, ನಕ್ಷತ್ರ, ಬಲೆ, ಕಂಪ್ಯೂಟರು. ಅಜ್ಜಿ ಭೂತಗನ್ನಡಿ ತರಿಸಿಕೊಂಡು ಮೊದಲು ಒಂದನ್ನು ನೋಡಿದಳು, ಆಮೇಲೆ ಇನ್ನೊಂದನ್ನು, ಮತ್ತೆ ಮೊದಲಿನದನ್ನು.

"ನನ್ನ ಕನ್ನಡಕ ಸರಿಯಿಲ್ಲ," ಎಂದಳು.

ತೋಳನ್ನು ಒಳಗಿಟ್ಟು ಬೀಗ ಹಾಕಿದಳು.

ಮನೆಗೆ ಬಂದವಳೇ ಅಜ್ಜಿ ಆಲೂಗಡ್ಡೆ ಸಿಪ್ಪೆ ಸುಲಿಯಲು ಕೂತಳು. ಅಜ್ಜಿ ಸುಲಿದರೆ ಸಿಪ್ಪೆಯ ಆಚೆ ಬೆಳಕು ಕಾಣಬೇಕು, ಅಷ್ಟು ತೆಳ್ಳಗಿರುತ್ತಿತ್ತು. ಇವತ್ತು ಸಿಪ್ಪೆ ದಪ್ಪದಪ್ಪಗೆ ಬೀಳುತ್ತಿತ್ತು. ದಾರ್ತ ಎದುರಿಗೆ ಕೂತು ಬಕೆಟ್ಟಿನಲ್ಲಿ ತುಂಬುತ್ತಿದ್ದ ಆ ಸಿಪ್ಪೆಯನ್ನೇ ನೋಡುತ್ತಿದ್ದಳು. ಹೇಳದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಮ್ಮನಿಗೆ ಡೇರಿಯಲ್ಲಿ ಸಂಜೆ ಪಾಳಿ.

ಆಲೂಗಡ್ಡೆ ಬೇಯಲು ಇಟ್ಟು ಅಜ್ಜಿ ಕೋಣೆಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಬರುವಾಗ ಅವಳ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ನೀಲಿ ರಟ್ಟು, ಮೂಲೆಗಳಲ್ಲಿ ಒಣಗಿದ ಜೇಡಿಮಣ್ಣಿನ ಬೆರಳಚ್ಚು.

"ನಾನು ಕಾರ್ಖಾನೆಲಿ ಏನು ಮಾಡ್ತಿದ್ದೆ ಅಂತ ನಿಂಗೊತ್ತಲ್ಲ?"

"ಕಲ್ಲು ಆರಿಸೋದು."

"ಹೂಂ. ಅವತ್ತು ಗುಂಡಿಯ ಯಾವ ಗೋಡೆ ಅಗೀತಾರೋ ಆ ಮಣ್ಣು ಬೆಲ್ಟಿನ ಮೇಲೆ ಬರೋದು. ಅದ್ರಲ್ಲಿರೋ ಕಲ್ಲು ತೆಗೆದು ಬಿಸಾಡ್ಬೇಕು. ಇಲ್ದಿದ್ರೆ ಇಟ್ಟಿಗೆ ಬಿರುಕು ಬಿಡುತ್ತೆ. ಒಂದಿನ ಒಂದು ಕಲ್ಲು ಕಲ್ಲಿನ ಹಾಗಿರ್ಲಿಲ್ಲ. ಏಪ್ರನ್ನಿಗೆ ಹಾಕ್ಕೊಂಡೆ." ಅಜ್ಜಿ ಪುಟ ತಿರುವಿದಳು. "ಓದು. ನನ್ನ ಕನ್ನಡಕ ಸರಿಯಿಲ್ಲ."

ದಾರ್ತ ಓದಿದಳು. "ಏಪ್ರಿಲ್ ಹನ್ನೆರಡು. ಬೆಳಗಿನ ಪಾಳಿ. ಬೆನ್ನಿನ ಚಿಪ್ಪು. ಉತ್ತರದ ಗೋಡೆಯ ಮಣ್ಣು." ಮುಂದಿನ ಪುಟಗಳಲ್ಲಿ ಹಲ್ಲು, ಹುರುಪೆ, ಏನೋ ಚೂರು. "ಅಕ್ಟೋಬರ್ ಮೂರು. ತೋಳು. ದಕ್ಷಿಣದ ಗೋಡೆಯ ಮಣ್ಣು. ಇದೂ ಅದೇ ಮೀನಿನದಾ?"

ಅವಳು ತಲೆಯೆತ್ತಿದಳು. "ಅಜ್ಜಿ, ನೀನೇ ಕೇಳಿದ್ದೀಯ. ಪ್ರಶ್ನೆ ಚಿಹ್ನೆ ಇದೆ."

"ಇದೆ."

"ಮತ್ತೆ ಕಪಾಟಿನ ಚೀಟಿಲಿ ಯಾಕಿಲ್ಲ?"

ಅಜ್ಜಿ ಒಲೆಯ ಕಡೆ ತಿರುಗಿ ಪಾತ್ರೆಯ ಮುಚ್ಚಳ ಸರಿಮಾಡಿದಳು. "ಗಾಜಿನೊಳಗಿಡೋ ವಸ್ತುಗೆ ಪ್ರಶ್ನೆ ಹಾಕಿದ್ರೆ ಜನ ನಗ್ತಾರೆ ಅಂದ್ಕೊಂಡೆ. ನಾನು ಓದಿದ್ದು ಎಂಟನೇ ಕ್ಲಾಸು. ಕಲ್ಲು ಆರಿಸೋ ಹೆಂಗಸು. ಯಾರನ್ನ ಅಂತ ಕೇಳ್ಲಿ? ಮೀನಿಗೆ ತೋಳಿರ್ಲಿಲ್ಲ, ತೋಳಿಗೆ ಮೀನಿರ್ಲಿಲ್ಲ. ಜೊತೇಲಿ ಇಟ್ಟೆ. ಮಕ್ಕಳು ಬಂದು ನೋಡಿ, ಮೊದಲು ಹೌದಾ ಅಕ್ಕಾ, ಆಮೇಲೆ ಹೌದಾ ಅಜ್ಜಿ ಅಂದ್ರು. ನಾನೂ ಹೌದು ಹೌದು ಅಂದೆ. ಹಾಗೆ ಹೇಳ್ತಾ ಹೇಳ್ತಾ ನಂಗೇ ಮರೆತುಹೋಯ್ತು."

ಆಲೂಗಡ್ಡೆ ಕುದಿಯತೊಡಗಿತು.

"ಬೇಜಾರಾಯ್ತಾ ಅಜ್ಜಿ?"

"ಆಗದೆ ಇರುತ್ತಾ? ಆಯ್ತು." ಅಜ್ಜಿ ಬಂದು ದಾರ್ತಳ ತಲೆಯ ಮೇಲೆ ಕೈಯಿಟ್ಟಳು. ಕೈಗೆ ಸಬ್ಬಸಿಗೆ ಸೊಪ್ಪಿನ ವಾಸನೆಯಿತ್ತು. "ನೀನು ಕದ್ದಿದ್ದಕ್ಕೆ ಬೈಬೇಕು. ಇವತ್ತು ಸುಸ್ತಾಗಿದೆ. ನಾಳೆ ನೆನಪು ಮಾಡು, ಬೈತೀನಿ."

ಮಂಗಳವಾರ ರೀಗಾದಿಂದ ಬಂದವಳು ದಾರ್ತ ಅಂದುಕೊಂಡಿದ್ದ ಹಾಗಿರಲಿಲ್ಲ. ಹೆಸರು ಲಾಸ್ಮ. ಬೂಟಿನ ತುಂಬ ಕೆಸರು, ಬೆನ್ನಿಗೆ ಅವಳಿಗಿಂತ ದೊಡ್ಡ ಚೀಲ. ಹೆದ್ದಾರಿಯಲ್ಲಿ ಊರಿನ ಬಸ್ಸು ತಪ್ಪಿ ಎರಡು ಮೈಲಿ ನಡೆದು ಬಂದಿದ್ದಳು. ಬಂದವಳೇ ಮೂರು ಬನ್ನು ತಿಂದಳು, ಮೂರೂ ಹಂದಿಮಾಂಸದ್ದೇ.

ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಜ್ಜಿ ಎದ್ದು ನಿಂತಳು. ಕಸೂತಿ ಬ್ಲೌಸು ತೊಟ್ಟಿದ್ದಳು, ಒಂದು ಸುರುಳಿ ಮಾತ್ರ ಚಪ್ಪಟೆ. ಕ್ಲಾಸಿನ ಮಕ್ಕಳೆಲ್ಲ ಸುತ್ತ ನಿಂತಿದ್ದರು.

"ಮೇಡಂ, ನೀವು ನೋಡೋಕೆ ಮುಂಚೆ ಒಂದು ಮಾತು. ಇದು ಒಂದು ಮೀನಲ್ಲ, ಎರಡು. ನಾನು ನಲವತ್ತೊಂದು ವರ್ಷದಿಂದ ಒಂದೇ ಅಂತ ಹೇಳ್ಕೊಂಡು ಬಂದಿದ್ದೀನಿ. ತಪ್ಪು ನಂದು."

ದಾರ್ತ ತನ್ನ ಶೂ ನೋಡಿಕೊಂಡು ನಿಂತಳು.

ಲಾಸ್ಮ ಬನ್ನನ್ನು ವಾಪಸ್ ತಟ್ಟೆಯಲ್ಲಿಟ್ಟಳು. ಕೈ ಒರೆಸಿಕೊಂಡು, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಪುಟ್ಟ ಲೆನ್ಸನ್ನು ಕಣ್ಣಿಗೆ ಹಿಡಿದು ಕಪಾಟಿನೊಳಗೆ ಬಗ್ಗಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಹೌದಮ್ಮ, ಎರಡು," ಎಂದಳು. "ಬೆನ್ನಿನ ಚಿಪ್ಪು ಆಸ್ಟರೊಲೆಪಿಸ್‌ದು. ಅಂದ್ರೆ ನಕ್ಷತ್ರದ ಹುರುಪೆಯೋನು. ಅದ್ರಲ್ಲಿ ಡೌಟಿಲ್ಲ. ತೋಳು ಅದರ ದಾಯಾದಿದು, ಬಾಥ್ರಿಯೊಲೆಪಿಸ್. ಇದನ್ನ ಯಾರು ಕಂಡುಹಿಡಿದಿದ್ದು?"

ಎಲ್ಲರೂ ದಾರ್ತಳ ಕಡೆ ನೋಡಿದರು. ಅವಳು ಗುಂಪಿನ ಹಿಂದೆ ಕೈ ತೋರಿಸಿದಳು. "ರೆನಾರ್ಸ್. ಮೊದಲು ನೋಡಿದ್ದು ಅವನು. ನಾನು ಆಮೇಲೆ ನೋಡಿದ್ದು."

ರೆನಾರ್ಸನ ಕಿವಿ ಬೀಟ್ರೂಟಿನಂತೆ ಕೆಂಪಾಯಿತು. "ಡಿಸೈನು ಬೇರೆ ಇತ್ತು, ಅದಕ್ಕೆ," ಎಂದ.

"ಅದೇ ಮುಖ್ಯ," ಎಂದಳು ಲಾಸ್ಮ. "ನಾವೂ ಮಾಡೋದು ಅಷ್ಟೇ. ಡಿಸೈನು ನೋಡ್ತೀವಿ, ಕೀಲು ನೋಡ್ತೀವಿ."

"ಹಂಗಾದ್ರೆ ಬಾಥ್ರಿಯೊಲೆಪಿಸಲ್ಲಿ ಇದು ಯಾವುದು?" ಗುಂದೆಗ ಟೀಚರ್ ಹೊಸ ಚೀಟಿ ಬರೆಯಲು ಪೆನ್ನು ಹಿಡಿದಿದ್ದರು.

"ಗೊತ್ತಿಲ್ಲ."

"ಗೊತ್ತಿಲ್ವಾ?"

"ಅದರಲ್ಲಿ ಎಷ್ಟೋ ಜಾತಿ ಇದಾವೆ ಟೀಚರ್. ಇದಕ್ಕೆ ತುದಿ ಇಲ್ಲ, ಮೈ ಇಲ್ಲ, ತಲೆ ಇಲ್ಲ. ಇಷ್ಟೇ ಇಟ್ಕೊಂಡು ಹೇಳೋಕಾಗಲ್ಲ. ಬೇರೆ ತೋಳುಗಳ ಪಕ್ಕ ಇಟ್ಟು ನೋಡ್ಬೇಕು. ನೋಡಿದ್ಮೇಲೂ ಗೊತ್ತಾಗದೆ ಇರ್ಬಹುದು. ನಮ್ಮ ಮ್ಯೂಸಿಯಮ್ಮಲ್ಲಿ ಗೊತ್ತಿಲ್ಲ ಅಂತ ಬರೆದಿರೋ ಡ್ರಾಯರು ಹನ್ನೊಂದಿವೆ." ಲಾಸ್ಮ ನಿಟ್ಟುಸಿರು ಬಿಟ್ಟಳು. "ಗುಂಡಿಲಿ ಯಾವ ಕಡೆ ಸಿಕ್ತು ಅಂತಾದ್ರೂ ತಿಳಿದಿದ್ರೆ ಸುಲಭ ಆಗ್ತಿತ್ತು. ಅದನ್ನ ಮಾತ್ರ ಯಾರೂ ಬರೆದಿಡಲ್ಲ. ವಿಳಾಸ ಇಲ್ಲದ ಮೂಳೆಗಳೇ ಎಲ್ಲ ಕಡೆ."

ಅಜ್ಜಿ ಕೈಚೀಲದಿಂದ ನೀಲಿ ನೋಟ್‌ಬುಕ್ ತೆಗೆದು ಕೊಟ್ಟಳು.

ಲಾಸ್ಮ ಮೊದಲ ಪುಟ ಓದಿದಳು. ಎರಡನೆಯದು ಓದಿದಳು. ಆಮೇಲೆ ಗೋಡೆಗೆ ಒರಗಿ, ಶೂಗಳ ಸಾಲಿನ ನಡುವೆ ನೆಲದ ಮೇಲೇ ಕೂತುಬಿಟ್ಟಳು.

"ಗೋಡೆ ಬರೆದಿದ್ದೀರಾ," ಎಂದಳು. "ದಿನ, ಪಾಳಿ ಎಲ್ಲ ಬರೆದಿದ್ದೀರಾ. ಅಮ್ಮ, ಇದನ್ನ ಬರೀಬೇಕು ಅಂತ ನಿಮಗೆ ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ," ಎಂದಳು ಅಜ್ಜಿ. "ಆಮೇಲೆ ಯಾರಾದ್ರೂ ಕೇಳಿದ್ರೆ ಹೇಳೋಕೆ ಬೇಕಲ್ಲ ಅಂತ."

ತೋಳು ರೀಗಾಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಮ್ಯೂಸಿಯಮ್ಮಿನಲ್ಲಿ ಬೇರೆ ತೋಳುಗಳ ಜೊತೆ ಇಟ್ಟು ನೋಡಿ, ಶರತ್ಕಾಲದ ಹೊತ್ತಿಗೆ ವಾಪಸ್ ಕಳಿಸುತ್ತೇನೆ ಎಂದು ಲಾಸ್ಮ ಕಾಗದ ಬರೆದು ಸಹಿ ಮಾಡಿದಳು. ಅಜ್ಜಿ ತನ್ನ ಉಣ್ಣೆಯ ಕೈಗವಸಿನೊಳಗೆ ತೋಳನ್ನಿಟ್ಟು, ಬೆರಳ ಕಡೆಯಿಂದ ಮಡಿಸಿ ಕೊಟ್ಟಳು.

ಲಾಸ್ಮಳನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರಲು ಅಜ್ಜಿಯೂ ದಾರ್ತಳೂ ಹೊರಟರು. ದಾರಿಯಲ್ಲಿ ಅಜ್ಜಿ ಒಂದು ಪ್ರಶ್ನೆ ಕೇಳಿದಳು. ಆ ತೋಳಿನಿಂದ ಮೀನು ಈಜುತ್ತಿತ್ತೋ, ಕೆಸರಿನಲ್ಲಿ ತೆವಳುತ್ತಿತ್ತೋ ಅಂತ. ಲಾಸ್ಮ ಹೇಳಿದಳು. ಅಜ್ಜಿ ಇನ್ನೊಂದು ಕೇಳಿದಳು. ಕಣ್ಣು ನೆತ್ತಿಯ ಮೇಲಿದ್ದರೆ ಆಹಾರ ಹೇಗೆ ಕಾಣುತ್ತಿತ್ತು? ಹಲ್ಲಿಲ್ಲದೆ ಏನು ತಿನ್ನುತ್ತಿತ್ತು? ನಕ್ಷತ್ರದ್ದೂ ಬಲೆಯದ್ದೂ ಒಂದೇ ನೀರಿನಲ್ಲಿದ್ದರೆ ಒಂದಕ್ಕೊಂದು ಕಾದಾಡುತ್ತಿದ್ದವೋ, ಹೊಂದಿಕೊಂಡಿದ್ದವೋ? ಮರಿಗಳ ಚಿಪ್ಪೂ ಇಷ್ಟೇ ಗಟ್ಟಿಯಾಗಿರುತ್ತಿತ್ತಾ?

ಕೆಲವಕ್ಕೆ ಲಾಸ್ಮ ಉತ್ತರ ಹೇಳಿದಳು. ಕೆಲವಕ್ಕೆ ಗೊತ್ತಿಲ್ಲಮ್ಮ ಎಂದಳು. ಗೊತ್ತಿಲ್ಲ ಎಂದಾಗಲೂ ಅಜ್ಜಿ ತಲೆಯಾಡಿಸಿ, ಅದರಲ್ಲೇ ಇನ್ನೊಂದು ಪ್ರಶ್ನೆ ಹುಡುಕುತ್ತಿದ್ದಳು.

ದಾರ್ತ ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಯಾವಾಗಲೂ ಪ್ರಶ್ನೆಗಳನ್ನೆಲ್ಲ ಅಜ್ಜಿಗೆ ಬೇರೆಯವರು ಕೇಳುತ್ತಿದ್ದರು. ಅಜ್ಜಿ ಯಾರನ್ನಾದರೂ ಹೀಗೆ ಕೇಳಿದ್ದನ್ನು ದಾರ್ತ ಇವತ್ತಿನವರೆಗೆ ನೋಡಿರಲಿಲ್ಲ. ಎಷ್ಟು ದಿನದಿಂದ ಅವಳು ಅಜ್ಜಿಯ ಮುಖ ಹೇಗಾಗಬಹುದು ಎಂದು ಯೋಚಿಸಿ ಯೋಚಿಸಿ ಹೆದರಿದ್ದಳು. ಈ ಮುಖವನ್ನು ಒಂದು ಸಲವೂ ಯೋಚಿಸಿರಲಿಲ್ಲ. ಗಾಳಿಗೆ ಸುರುಳಿಗಳೆಲ್ಲ ಬಿಚ್ಚಿಹೋಗಿದ್ದವು. ಕೆನ್ನೆ ಕೆಂಪಾಗಿತ್ತು. ಮೊದಲ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಕೈಯೆತ್ತುವ ಹುಡುಗಿಯಂತೆ ಅಜ್ಜಿ ಕಾಣುತ್ತಿದ್ದಳು.

ಬಸ್ಸು ಬಂತು. ಲಾಸ್ಮ ಮೆಟ್ಟಿಲು ಹತ್ತಿದಳು. ಅಜ್ಜಿಯೂ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಇನ್ನೂ ಕೇಳುತ್ತಲೇ ಇದ್ದಳು.

"ವೆಲ್ತಕ್ಕಾ, ನೀವೂ ಬರ್ತೀರಾ, ಇಲ್ಲಾ ಬಾಗಿಲು ಹಾಕ್ಲಾ?" ಎಂದ ಡ್ರೈವರ್.

ಅಜ್ಜಿಗೆ ಕೇಳಿಸಲಿಲ್ಲ. ಡ್ರೈವರ್ ದಾರ್ತಳ ಕಡೆ ನೋಡಿದ. ದಾರ್ತ ಅಜ್ಜಿಯ ಕೈಚೀಲವನ್ನು ಎದೆಗವಚಿಕೊಂಡು, ಇನ್ನೊಂದೇ ನಿಮಿಷ ಎಂದು ಅವನಿಗೆ ಬೆರಳೆತ್ತಿ ತೋರಿಸಿದಳು.